ಬು ವಾರ್ಸಿನಿ ಕೂಡಿಸಿಕೊಟ್ಟ ಒಪ್ಪಿಗೆ

ಜಾವಾದ ಸೋಲೊ ಊರಿನ ಆ ಕೇರಿಯಲ್ಲಿ ಬು ವಾರ್ಸಿನಿಗೆ, ಅಂದರೆ ವಾರ್ಸಿನಮ್ಮನಿಗೆ, ‘ಆಗಲ್ಲ’ ಎಂದು ಹೇಳಿ ದಕ್ಕಿಸಿಕೊಂಡವರಿಲ್ಲ. ಅವಳ ಗಂಡ ಒಮ್ಮೆ ಹೇಳಿದ್ದ. ಪಾಪ, ಅವನು ಈಗಿಲ್ಲ. ಮನೆಯ ಬೆಕ್ಕು ದಿನಾ ಹೇಳುತ್ತದೆ. ಆದರೆ ಬೆಕ್ಕಿಗೆ ಆರೋಗ್ಯ ಇಲಾಖೆಯ ಯಾವ ಯೋಜನೆಯೂ ಅನ್ವಯಿಸುವುದಿಲ್ಲ.

ವಾರ್ಸಿನಿ ಕೇರಿಯ ಆರೋಗ್ಯ ಕಾರ್ಯಕರ್ತೆ. ಸಂಬಳವಿಲ್ಲ, ಸಮವಸ್ತ್ರವಿದೆ. ಕೂಸುಗಳ ತೂಕ, ಬಚ್ಚಲತೊಟ್ಟಿಯಲ್ಲಿ ಸೊಳ್ಳೆಮರಿ ಹುಡುಕುವುದು, ಮುದುಕರ ಕವಾಯತು, ರಕ್ತದಾನ, ಹೀಗೆ ಸರ್ಕಾರಕ್ಕೆ ಜನರಿಂದ ಏನು ಬೇಕಾದರೂ ಅದು ವಾರ್ಸಿನಿಯ ಕೈಯಿಂದಲೇ ಹೋಗಬೇಕು. ಆಕೆಯ ವಿಧಾನ ಸರಳ. ಒಲೆಯ ಮೇಲೆ ಏನಾದರೂ ಕುದಿಯುತ್ತಿರುವ ಹೊತ್ತು ನೋಡಿ ಒಳಗೆ ಬರುವುದು. ಸೊಸೆಯೆದುರು ಅತ್ತೆಯನ್ನೂ ಅತ್ತೆಯೆದುರು ಸೊಸೆಯನ್ನೂ ಹೊಗಳುವುದು. ಅನ್ನದ ಡಬ್ಬಿಯೊಂದನ್ನು ಮೇಜಿನ ಮೇಲಿಡುವುದು. ಅವರು ಡಬ್ಬಿ ಒಳಗಿಟ್ಟು ಬಂದ ಮೇಲೆ ಕಾಗದ ಹೊರತೆಗೆಯುವುದು. ಅನ್ನ ಇಟ್ಟುಕೊಂಡು ಕಾಗದ ವಾಪಸು ಕೊಡುವಷ್ಟು ದಪ್ಪ ಚರ್ಮದವರು ಜಾವಾದಲ್ಲಿ ಇನ್ನೂ ಹುಟ್ಟಿಲ್ಲ.

ಇಂಥವಳನ್ನು ಹುಡುಕಿಕೊಂಡು ಡಾಕ್ಟರ್ ಬಿಮಾಂತೊರೊ ಬಂದದ್ದು ಆಶ್ಚರ್ಯವೇನಲ್ಲ. ಆತ ಜ್ವರಕ್ಕೆ ಮಾತ್ರೆ ಕೊಡುವ ಡಾಕ್ಟರಲ್ಲ, ಮನಸ್ಸಿನ ಡಾಕ್ಟರು. ಅದರಲ್ಲೂ ಒಬ್ಬರ ಮನಸ್ಸಲ್ಲ, ಇಡೀ ಮನೆಯ ಮನಸ್ಸು. ಮನೆಮಂದಿಯನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ ಮಾತಾಡಿಸಿದರೆ ಮನೆ ನೆಟ್ಟಗಾಗುತ್ತದೆ ಎಂಬುದು ಆತ ಪರದೇಶದಲ್ಲಿ ಕಲಿತು ಬಂದ ವಿದ್ಯೆ. ನೆಟ್ಟಗಾಯಿತೋ ಇಲ್ಲವೋ ಎಂದು ಅಳೆದು ನೋಡುವುದು ಆತನ ಸಂಶೋಧನೆ. ಅದಕ್ಕೆ ವಿಶ್ವವಿದ್ಯಾಲಯದ ನೀತಿ ಸಮಿತಿಯ ಅನುಮತಿಯೂ ಸಿಕ್ಕಿತ್ತು. ಅದರ ಕರಾರುಗಳು ಇವು: ಬರುವವರು ಸ್ವಂತ ಇಚ್ಛೆಯಿಂದ ಬರಬೇಕು. ಬೇಡವೆನಿಸಿದ ದಿನ ಎದ್ದು ಹೋಗಬಹುದು. ಹೇಳಿದ ಮಾತು ಹೊರಗೆ ಹೋಗದು. ಮಕ್ಕಳನ್ನು ಬೇರೆಯಾಗಿ ಕೂರಿಸಿ ಅವರ ಮನಸ್ಸನ್ನೂ ಕೇಳಬೇಕು. ಓದಿದರೆ ಕಣ್ಣಲ್ಲಿ ನೀರು ಬರಬೇಕು, ಅಷ್ಟು ಚೆಂದ. ಸಮಿತಿಯವರ ಕಣ್ಣಲ್ಲಿ ನೀರು ಬಂತೋ ಇಲ್ಲವೋ ಗೊತ್ತಿಲ್ಲ, ಕಾಗದದ ಮೇಲೆ ಮೊಹರು ಬಂತು.

ಬಾರದೆ ಉಳಿದದ್ದು ಮನೆಗಳು ಮಾತ್ರ. ‘ನಿಮ್ಮ ಮನೆಯ ತೊಂದರೆ ಹೇಳಿಕೊಳ್ಳಿ ಬನ್ನಿ’ ಎಂದು ಆರೋಗ್ಯ ಕೇಂದ್ರದ ಗೋಡೆಗೆ ಹಚ್ಚಿದ ಕರೆಯನ್ನು ಕೇರಿಯವರು ತಿಂಗಳುಗಟ್ಟಲೆ ಓದಿದರು, ಪಕ್ಕದ ಮನೆಯವರಿಗೆ ಓದಿ ಹೇಳಿದರು, ಯಾರೂ ಒಳಗೆ ಹೋಗಲಿಲ್ಲ.

“ಹಿಂಗೆ ಕರೆದ್ರೆ ಯಾರು ಬರ್ತಾರೆ ಪಾಕ್ ಡಾಕ್ಟರ್?” ಎಂದಳು ವಾರ್ಸಿನಿ. ಮರ್ಯಾದಸ್ಥ ಗಂಡಸು ಅಲ್ಲಿ ಪಾಕ್. “ತೊಂದರೆ ಇರೋರು ಅಂತ ಬರೆದಿದೀರ. ನಮ್ ಕೇರೀಲಿ ತೊಂದರೆ ಇರೋರು ಯಾರೂ ಇಲ್ಲ. ಬೇಕಾದ್ರೆ ಕೇಳಿ ನೋಡಿ.”

“ಮತ್ತೆ ಹೇಗೆ ಬು?”

“ನಂಗೆ ಬಿಡಿ.”

ಡಾಕ್ಟರು ಬಿಟ್ಟರು. ವಿದ್ಯಾವಂತರು ಇಂಥ ವಿಷಯದಲ್ಲಿ ಬಹಳ ಬೇಗ ಬಿಡುತ್ತಾರೆ.

ಆ ತಿಂಗಳ ಅರಿಸಾನ್ ವಾರ್ಸಿನಿಯ ಮನೆಯಲ್ಲೇ ಇತ್ತು. ಕೇರಿಯವರು ಸೇರಿ ಚೀಟಿ ಎತ್ತುವ ಕೂಟವೆಂದು ಅದಕ್ಕೆ ಹೆಸರು. ಯಾರ ಮನೆಯಲ್ಲಿ ಏನಾಗಿದೆ ಎಂದು ನೋಡಿಕೊಂಡು ಹೋಗುವುದು ಅದರ ಕೆಲಸ. ಗಾಜಿನ ಲೋಟದಿಂದ ಚೀಟಿ ಉದುರಿ, ಗೆದ್ದವರು ನಾಚಿ, ಕರಿದ ಬಾಳೆಹಣ್ಣಿನ ತಟ್ಟೆ ತಿರುಗುತ್ತಿದ್ದಾಗ ವಾರ್ಸಿನಿ ಗಂಟಲು ಸರಿಮಾಡಿಕೊಂಡಳು.

“ಯೂನಿವರ್ಸಿಟಿಯಿಂದ ಡಾಕ್ಟ್ರು ಬಂದಿದಾರೆ. ಒಳ್ಳೇ ಸಂಸಾರ ಅಂದ್ರೆ ಹೆಂಗಿರುತ್ತೆ ಅಂತ ಕಲಿಯಕ್ಕೆ. ಅನ್ಯೋನ್ಯವಾಗಿರೋ ಮನೆಗಳನ್ನೇ ಆರಿಸಿಕೊಡಿ ಅಂದ್ರು. ನಾನು, ಆರಿಸೋದೇನಿದೆ, ನಮ್ ಕೇರೀಲಿ ಎಲ್ಲಾರೂ ಹಂಗೇ ಅಂದೆ. ಅಲ್ವಾ?”

ಈಗ ಯಾರು ‘ನಮ್ಮ ಮನೆ ಹಂಗಿಲ್ಲ’ ಎನ್ನಬೇಕು? ಮೂಲೆಮನೆಯಲ್ಲಿ ಹಿಂದಿನ ದಿನವಷ್ಟೇ ಪಾತ್ರೆಗಳು ಅಂಗಳಕ್ಕೆ ಹಾರಿಬಂದಿದ್ದವು. ಮೊದಲು ಪೆನ್ನು ಕೇಳಿದ್ದು ಆ ಮನೆಯವಳೇ. ಬೆರಳಿನ ಎಣ್ಣೆ ಅಂಟಿದ ಒಪ್ಪಿಗೆ ಕಾಗದಗಳು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋದವು. ಮನೆಯಲ್ಲಿ ಹನ್ನೆರಡು ವರ್ಷ ದಾಟಿದ ಪ್ರತಿಯೊಬ್ಬರೂ ತಾವೇ ಓದಿ ತಾವೇ ಸಹಿ ಹಾಕಬೇಕೆಂದು ಅದರಲ್ಲೇ ಅಚ್ಚಾಗಿತ್ತು. ಗಂಡಸರು ಅಂಗಳದಲ್ಲಿ ಕೂತು ಮನೆಮಂದಿಯ ಪರವಾಗಿ ತಾವೇ ಹಾಕಿದರು. ಮನೆಗೆ ಯಜಮಾನ ಇರುವುದು ಮತ್ತೇತಕ್ಕೆ?

ಮಾದರಿಗೆಂದು ವಾರ್ಸಿನಿ ತನ್ನ ತಮ್ಮನ ಸಂಸಾರವನ್ನೇ ಪಟ್ಟಿಯ ತಲೆಗೆ ಸೇರಿಸಿದಳು. ತಮ್ಮ ಸುರೊತೊ ಬಾಟಿಕ್ ಕಾರ್ಖಾನೆಯಲ್ಲಿ ತಾಮ್ರದ ಅಚ್ಚನ್ನು ಬಿಸಿ ಮೇಣಕ್ಕೆ ಅದ್ದಿ ಬಟ್ಟೆಗೆ ಒತ್ತುವವನು. ಹೆಂಡತಿ ಯಾತ್ಮಿ ಬೆಳಿಗ್ಗೆ ಬೀದಿಯ ತುದಿಯಲ್ಲಿ ತೆಂಗಿನಹಾಲಿನ ಅನ್ನ ಮಾರುತ್ತಾಳೆ. ಒಬ್ಬಳೇ ಮಗಳು ಕಿನಾಂತಿ, ಹದಿನೈದರವಳು. ಏರುದನಿ ಕೇಳದ ಮನೆ. ಪ್ರತಿ ಶುಕ್ರವಾರ ಅಲ್ಲಿ ಊಟ ಮಾಡಿ ಬರುವ ವಾರ್ಸಿನಿ, “ಜಗಳ ಅಂದ್ರೇನು ಅಂತಾನೇ ಗೊತ್ತಿಲ್ಲ ಆ ಜೋಡಿಗೆ” ಎಂದು ಕೇರಿಗೆಲ್ಲ ಸಾರಿದ್ದಳು.

ಕಿನಾಂತಿಯನ್ನು ಬೇರೆಯಾಗಿ ಕೂರಿಸಿ ಕೇಳಿದ್ದೂ ಆಯಿತು. ಕೇಳಿದವಳು ವಾರ್ಸಿನಿಯೇ.

“ಊಟ ಆಯ್ತಾ ಕೂಸೇ?”

“ಆಯ್ತು ಬುಧೆ.” ಅಪ್ಪನ ಅಕ್ಕ ಅಲ್ಲಿ ಬುಧೆ.

“ಹಂಗಾದ್ರೆ ಇಲ್ಲಿ ಹಾಕು ಸಹಿ. ಸುಮ್ನೆ ಕೂತು ಮಾತಾಡೋದು, ಅಷ್ಟೇ. ಬೇಗ, ಟೀ ಆರ್ತಾ ಇದೆ.”

ಮಗುವಿನ ಪ್ರತ್ಯೇಕ ಸಮ್ಮತಿ ಪಡೆಯಲಾಗಿದೆ ಎಂದು ಡಾಕ್ಟರರ ವರದಿಯಲ್ಲಿ ದಾಖಲಾಯಿತು.

ಆರೋಗ್ಯ ಕೇಂದ್ರದ ಮಾಳಿಗೆಯಲ್ಲಿ ಒಂದು ಕೋಣೆ. ಗೋಡೆಗೆ ದೊಡ್ಡ ಕನ್ನಡಿ. ಕನ್ನಡಿಯ ಮುಂದೆ ಪ್ರಶ್ನೆ ಕೇಳಲು ಡಾಕ್ಟರರ ಸಹಾಯಕಿ, ಹಿಂದೆ ಡಾಕ್ಟರು ಮತ್ತು ಕ್ಯಾಮೆರಾ. ಮುಂದೆ ಕೂತವರಿಗೆ ಕಾಣುವುದು ತಮ್ಮ ಮುಖ, ಹಿಂದೆ ಕೂತವರಿಗೆ ಅದು ಬರೀ ಗಾಜು, ಕಾಣುವುದೂ ಮುಂದಿನವರದೇ ಮುಖ. ಮನೆಮಂದಿ ಮದುವೆಯ ಫೋಟೋಕ್ಕೆ ಬಂದವರಂತೆ ಒಂದೇ ಬಣ್ಣದ ಬಾಟಿಕ್ ತೊಟ್ಟು ಬಂದರು. ಎಲ್ಲ ಚೆನ್ನಾಗಿದೆ ಎಂದರು. ಸುರೊತೊನ ಮನೆಯವರಿಗಂತೂ ಎಲ್ಲರಿಗಿಂತ ಹೆಚ್ಚು ಅಂಕ ಬಂತು. ‘ದಂಪತಿ ಒಬ್ಬರ ಮಾತನ್ನು ಇನ್ನೊಬ್ಬರು ಒಮ್ಮೆಯೂ ಕತ್ತರಿಸುವುದಿಲ್ಲ’ ಎಂದು ಸಂಶೋಧಕರು ಮೆಚ್ಚಿ ಬರೆದುಕೊಂಡರು. ಕತ್ತರಿಸುವುದು ಹೇಗೆ? ಆ ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು.

ಅದು ವಾರ್ಸಿನಿಗೆ ಗೊತ್ತಾದದ್ದು ಬಹಳ ತಡವಾಗಿ. ಅಧ್ಯಯನ ಮುಗಿದು, ವಾರ್ಡ್ ಕಚೇರಿಯ ಸಭಾಂಗಣದಲ್ಲಿ ದೊಡ್ಡ ಕಾರ್ಯಕ್ರಮವೆಂದು ನಿಗದಿಯಾಗಿತ್ತು. ಪರದೇಶದಿಂದ ಅತಿಥಿಗಳು, ಪರದೆಯ ಮೇಲೆ ಆಯ್ದ ವಿಡಿಯೋ ತುಣುಕುಗಳು, ಭಾಗವಹಿಸಿದ ಮನೆಗಳಿಗೆ ಮುಂದಿನ ಸಾಲಿನಲ್ಲಿ ಕುರ್ಚಿ, ವಾರ್ಸಿನಿಗೆ ಫಲಕ. ಆಕೆ ಅಡುಗೆಮನೆಯಲ್ಲಿ ಅನ್ನದ ಡಬ್ಬಿ ತುಂಬುತ್ತ ಫಲಕ ಯಾವ ಗೋಡೆಗೆ ಎಂದು ಯೋಚಿಸುತ್ತಿದ್ದಾಗ ಕಿನಾಂತಿ ಬಂದಳು.

“ಬುಧೆ, ಡಾಕ್ಟ್ರಿಗೆ ಹೇಳಿ ನಂದು ತೆಗೆಸಿಬಿಡಿ.”

“ಏನ್ ತೆಗೆಸ್ಬೇಕು? ಹಲ್ಲಾ?”

“ತಮಾಷೆ ಬೇಡ ಬುಧೆ. ನಾನ್ ಮಾತಾಡಿದ್ದು. ಅವತ್ತು ಪ್ರಶ್ನೆ ಕೇಳೋ ಆ ಅಕ್ಕ ಅಪ್ಪ ಅಮ್ಮನ್ನ ಆಚೆ ಕಳಿಸಿ, ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ ಅಂದ್ರು. ಹೇಳ್ಬಿಟ್ಟೆ. ಇವತ್ತು ಸಿಕ್ಕಿ, ನಿನ್ನ ತುಣುಕು ಆಯ್ಕೆ ಆಗಿದೆ, ಡಾಕ್ಟ್ರು ಕನ್ನಡಿ ಹಿಂದೆ ಅತ್ತೇಬಿಟ್ರು ಅಂತ ಖುಷಿಯಾಗಿ ಹೇಳಿದ್ರು.”

“ಅಂಥಾದ್ದೇನ್ ಹೇಳ್ದೆ?”

ಹುಡುಗಿ ಒಂದು ಖಾಲಿ ಡಬ್ಬಿ ತೆಗೆದುಕೊಂಡು ಮುಚ್ಚಿ, ತೆರೆದು, ಮತ್ತೆ ಮುಚ್ಚಿದಳು. ಅಮ್ಮನ ತಾಯಿ ತೀರಿಹೋದ ದಿನ ಕಾರ್ಖಾನೆಯಲ್ಲಿ ಕೆಲಸವಿದೆಯೆಂದು ಅಪ್ಪ ಮಣ್ಣಾದ ಮೇಲೆ ಬಂದಿದ್ದ. ಅಮ್ಮ ಅವತ್ತು ಠೂ ಬಿಟ್ಟವಳು, ಅಪ್ಪನೂ ಬಿಟ್ಟ. ಅಂದಿನಿಂದ ಇಬ್ಬರ ನಡುವಿನ ಮಾತೆಲ್ಲ ಕಿನಾಂತಿಯ ಬಾಯಿಂದಲೇ ಓಡಾಡುತ್ತಿತ್ತು. ಬಂದವರೆದುರು ಇಬ್ಬರೂ ಬಂದವರೊಡನೆ ಮಾತ್ರ ಮಾತಾಡುತ್ತಾರೆ, ಯಾರಿಗೂ ತಿಳಿಯುವುದಿಲ್ಲ.

“ಅದನ್ನ ಹೇಳಿದ್ರೆ ಏನಾಯ್ತು? ನಿಮ್ಮಪ್ಪ ಅಮ್ಮಂಗೆ ಗೊತ್ತಿರೋದೇ ಅಲ್ವಾ?”

“ಅದಷ್ಟೇ ಅಲ್ಲ ಬುಧೆ. ಅಪ್ಪ ಹೇಳ್ತಾರೆ, ಹೇಳು ನಿಮ್ಮಮ್ಮಂಗೆ, ಈ ಸಾರು ನಾಯೀನೂ ಮೂಸಲ್ಲ ಅಂತ. ನಾನು ಒಳಗ್ ಹೋಗಿ, ಅಪ್ಪ ನಿಮ್ ಕೈ ನೋವು ಹೆಂಗಿದೆ ಅಂತ ಕೇಳಿದ್ರು ಅಂತೀನಿ. ಅಮ್ಮ ಅಂತಾರೆ, ಈಗ್ ನೆನಪಾಯ್ತಾ ಆ ಮಹಾರಾಯಂಗೆ ಅಂತ. ನಾನ್ ಆಚೆ ಬಂದು, ಅಮ್ಮ ಪರವಾಗಿಲ್ಲ ಅಂದ್ರು, ನಿಮ್ಗೆ ಬಿಸಿನೀರ್ ಇಟ್ಟಿದಾರೆ ಅಂತ ಹೇಳಿ ನಾನೇ ನೀರಿಡ್ತೀನಿ. ಈಗೀಗ ಅಮ್ಮ ಅಪ್ಪಂಗೆ ಅಂತ ತೆಂಪೆದು ದೊಡ್ಡ ತುಂಡು ಎತ್ತಿಡ್ತಾರೆ. ಅಪ್ಪ ಅಮ್ಮನ ಗಾಡಿ ಚಕ್ರಕ್ಕೆ ಎಣ್ಣೆ ಬಿಡ್ತಾರೆ. ಎಲ್ಲಾ ನನ್ ಸುಳ್ಳಿನ ಮೇಲೆ ನಿಂತಿದೆ. ಮುಂದಿನ ಸಾಲಲ್ಲಿ ಕೂತು ಅವರಿಬ್ರೂ ಅದನ್ನ ಕೇಳಿದ್ರೆ?”

ಪ್ರತಿ ಶುಕ್ರವಾರ ಸೋಯಾಕಾಳು ಹುದುಗಿಸಿ ಕರಿದ ಆ ತೆಂಪೆಯನ್ನೇ ತಿಂದು ಬಂದವಳು ಕೈಯಲ್ಲಿದ್ದ ಡಬ್ಬಿಯನ್ನು ಅರ್ಧಕ್ಕೇ ಬಿಟ್ಟಳು. ವಾರ್ಸಿನಿ ಸಮವಸ್ತ್ರ ತೊಟ್ಟು ವಿಶ್ವವಿದ್ಯಾಲಯಕ್ಕೆ ಹೊರಟಳು.

ಡಾಕ್ಟರು ಒಳ್ಳೆಯವರು. ಎದ್ದು ನಿಂತು ಕೂರಿಸಿದರು, ಟೀ ತರಿಸಿದರು, ನಗುತ್ತಲೇ ಒಂದೊಂದೇ ಬಾಗಿಲು ಹಾಕಿದರು.

“ಮುಖ ಮಸುಕು ಮಾಡಿದೀವಿ ಬು, ಧ್ವನಿ ಬದಲಾಯಿಸಿದೀವಿ. ಹೆಸರಂತೂ ಇಲ್ಲವೇ ಇಲ್ಲ. ಪ್ರಬಂಧದಲ್ಲಿ ಅವಳನ್ನ ಹುಡುಗ ಮಾಡಿದೀವಿ, ಅಪ್ಪನ್ನ ಚಪ್ಪಲಿ ಹೊಲಿಯೋನು ಮಾಡಿದೀವಿ. ಯಾರಿಗೂ ಗೊತ್ತಾಗಲ್ಲ.”

“ಯಾರಿಗೂ ಅಂದ್ರೆ?”

“ಹೊರಗಿನೋರಿಗೆ.”

“ಅವರಪ್ಪ ಅಮ್ಮಂಗೆ ಗೊತ್ತಾಗುತ್ತಲ್ಲ ಡಾಕ್ಟ್ರೇ. ಮಗಳ ಬಾಯಲ್ಲಿ ಮಾತು ಕಳಿಸೋ ಮನೆ ಊರಲ್ಲಿ ಎಷ್ಟಿದಾವೆ?”

“ಅವರು ಹೊರಗಿನೋರಲ್ಲವಲ್ಲ ಬು. ಒಂದೇ ಮನೆಯವರು.”

ನೋಡಿ, ಇದು ಇಡೀ ಮನೆಯ ಮನಸ್ಸನ್ನು ಓದಿಕೊಂಡವರ ಮಾತು. ಒಬ್ಬ ಮನುಷ್ಯ ತನ್ನ ಗುಟ್ಟನ್ನು ಅತಿ ಜೋಪಾನವಾಗಿ ಕಾಯುವುದು ಒಂದೇ ತಟ್ಟೆಯಲ್ಲಿ ಉಣ್ಣುವವರಿಂದ. ಅಪರಿಚಿತನಿಗೆ ತಿಳಿದರೆ ಅವನು ಬಸ್ಸಿಳಿದು ಹೋಗುತ್ತಾನೆ. ಮನೆಯವರಿಗೆ ತಿಳಿದರೆ ಅವರು ಸಂಜೆ ಊಟಕ್ಕೆ ಬರುತ್ತಾರೆ. ಇದು ಅನ್ನ ಮಾರುವ ಯಾತ್ಮಿಗೂ ಗೊತ್ತು. ಆದರೆ ಅದಕ್ಕೆ ಮೊಹರಿಲ್ಲ.

“ಬೇಡ ಅನ್ಸಿದ್ರೆ ಬಿಡಬಹುದು ಅಂತ ನೀವೇ ಬರೆದಿದೀರ,” ಎಂದಳು ವಾರ್ಸಿನಿ.

“ಖಂಡಿತ! ಅದು ಅವರ ಹಕ್ಕು. ಆದ್ರೆ ಹುಡುಗಿ ಚಿಕ್ಕವಳು, ತಂದೆ ಸಹಿ ಹಾಕಿದಾರೆ. ತಂದೇನೇ ಬಂದು ಕೇಳ್ಬೇಕು. ಯಾಕೆ ಬೇಡ, ಯಾವ ಮಾತು ಬೇಡ ಅಂತ ಅವರೇ ನೋಡಿ ಹೇಳ್ಬೇಕು.”

ಅಂದರೆ ಅಪ್ಪನಿಗೆ ಕೇಳಿಸಬಾರದ ಮಾತನ್ನು ಅಳಿಸಲು ಅಪ್ಪನನ್ನು ಕರೆದು ಕೇಳಿಸಬೇಕು. ಎಂಥ ರಕ್ಷಣೆ! ಮುಳುಗುವವನು ಮೊದಲು ಈಜಿ ದಡಕ್ಕೆ ಬಂದು ಅರ್ಜಿ ಕೊಡಬೇಕು.

ನೀತಿ ಸಮಿತಿಯ ಕಚೇರಿಯಲ್ಲಿ ಗುಮಾಸ್ತನೊಬ್ಬ ಇನ್ನೂ ಮರ್ಯಾದಸ್ಥ. “ಭಾಗವಹಿಸಿದೋರು ಅಥ್ವಾ ಪೋಷಕರು ಬರ್ಬೇಕು ಬು. ನೀವು ಅವ್ರಿಗೆ ಏನಾಗ್ಬೇಕು?”

“ಒಪ್ಪಿಸಿದೋಳು.”

“ಆ ಹೆಸರಲ್ಲಿ ಯಾವ್ದೂ ಕಾಲಂ ಇಲ್ವಲ್ಲ,” ಎಂದ ಆತ ನಿಜವಾಗಿಯೂ ಹುಡುಕಿ ನೋಡಿ. “ಈ ಅಧ್ಯಯನದ ಮೇಲೆ ಇವತ್ತಿನವರೆಗೂ ಒಂದೂ ದೂರು ಬಂದಿಲ್ಲ. ತುಂಬಾ ಒಳ್ಳೇ ಹೆಸರಿದೆ.”

ಬಸ್ಸಿನಲ್ಲಿ ವಾಪಸು ಬರುವಾಗ ಆ ಮಾತು ವಾರ್ಸಿನಿಯ ತಲೆಯಲ್ಲಿ ಕೂತುಬಿಟ್ಟಿತು. ಇಷ್ಟು ವರ್ಷ ಆಕೆಯೂ ಹಾಗೆಯೇ ಅಂದುಕೊಂಡವಳು. ಯಾರೂ ದೂರಿಲ್ಲ, ಆದ್ದರಿಂದ ಎಲ್ಲರಿಗೂ ಇಷ್ಟ. ಬೆಳಗಾದರೆ ಮುದುಕರು ಮೊಣಕಾಲು ಹಿಡಿದುಕೊಂಡು ಕವಾಯತಿಗೆ ಬರುತ್ತಿದ್ದದ್ದು ಇಷ್ಟಪಟ್ಟೋ, ಅಥವಾ ಬಾರದಿದ್ದರೆ ವಾರ್ಸಿನಿ ಮನೆಗೇ ಬರುತ್ತಾಳೆಂದೋ? ಈ ಪ್ರಶ್ನೆ ಆಕೆಗೆ ಹಿಡಿಸಲಿಲ್ಲ. ಆದರೂ ಮನೆ ಬರುವವರೆಗೆ ಅದು ಇಳಿದು ಹೋಗಲಿಲ್ಲ.

ಸಭಾಂಗಣದ ಕಾರ್ಯಕ್ರಮಕ್ಕೆ ಮುಂಚೆ ಇನ್ನೊಂದು ಅರಿಸಾನ್ ಇತ್ತು. ಬಾಳೆಹಣ್ಣಿನ ತಟ್ಟೆ ತಿರುಗುತ್ತಿದ್ದಾಗ ವಾರ್ಸಿನಿ ಮತ್ತೆ ಗಂಟಲು ಸರಿಮಾಡಿಕೊಂಡಳು.

“ಡಾಕ್ಟ್ರ ಅಧ್ಯಯನ ಮುಗೀತು. ಈಗ ಏನಂದ್ರೆ, ಮನೇಲಿ ತೊಂದರೆ ಇರೋರದ್ದನ್ನ ಮಾತ್ರ ಇಟ್ಕೋತಾರಂತೆ. ಪರದೆ ಮೇಲೂ ಅವರದ್ದೇ ತೋರ್ಸೋದು. ಸರಿ ಇರೋ ಮನೆಯೋರು ಹೆಸರು ವಾಪಸ್ ತಗೋಬಹುದು. ಯಾರಿಗಾದ್ರೂ ಇರ್ಬೇಕು ಅನ್ಸಿದ್ರೆ ಇರಿ, ನಂದೇನಿಲ್ಲ.”

ಕರಿದ ಬಾಳೆಹಣ್ಣು ಕಚ್ಚಿದ್ದವರು ಕಚ್ಚಿಕೊಂಡೇ ಪೆನ್ನಿಗೆ ಕೈಚಾಚಿದರು.

“ಕೊಡಿ ಕೊಡಿ, ನಮ್ದು ಮೊದ್ಲು,” ಎಂದಳು ಮೂಲೆಮನೆಯವಳು. “ನಾವು ಹೋಗಿದ್ದೇ ಡಾಕ್ಟ್ರಿಗೆ ಕಲಿಸೋಣ ಅಂತ.”

ಸುರೊತೊ ಅಂಗಳದಲ್ಲಿ ಹೊಗೆ ಬಿಡುತ್ತ ಕೂತಿದ್ದ. “ಏನಕ್ಕ ಇದು?”

“ಹಾಕೋ, ಮಾತಾಡ್ಬೇಡ.”

ಹಾಕಿದ. ತನ್ನದು, ಹೆಂಡತಿಯದು, ಮಗಳದು. ಓದಲಿಲ್ಲ, ಕೇಳಲಿಲ್ಲ, ತಲೆ ಎತ್ತಲಿಲ್ಲ. ಯಾವ ಅಭ್ಯಾಸದಿಂದ ಆ ಹುಡುಗಿಯನ್ನು ಕನ್ನಡಿಯ ಮುಂದೆ ಕೂರಿಸಿದನೋ ಅದೇ ಅಭ್ಯಾಸದಿಂದ ಬಿಡಿಸಿದ. ಟೀ ಆರುವ ಮೊದಲು ಡಾಕ್ಟರ್ ಬಿಮಾಂತೊರೊ ಅವರ ಬಳಿ ಒಂದು ಮನೆಯೂ ಉಳಿದಿರಲಿಲ್ಲ.

ಮರುದಿನ ಡಾಕ್ಟರು ಬಂದರು. ಈ ಸಲ ನಗಲಿಲ್ಲ.

“ಬು ವಾರ್ಸಿನಿ, ಇದು ಸ್ವಂತ ಇಚ್ಛೆಯಿಂದ ಬಿಟ್ಟಿದ್ದಲ್ಲ. ನೀವು ಒತ್ತಡ ಹಾಕಿದೀರ. ಸುಳ್ಳು ಹೇಳಿದೀರ. ಎಲ್ಲರೂ ಒಟ್ಟಿಗೆ, ಒಂದೇ ಕಡೆ ಕೂತು, ಓದ್ದೆ ಸಹಿ ಹಾಕಿದಾರೆ. ಮನೆ ಯಜಮಾನರು ಎಲ್ಲರ ಪರವಾಗಿ ಹಾಕಿದಾರೆ. ಇದು ಸಿಂಧು ಆಗಲ್ಲ!”

“ಹೌದಾ?” ಎಂದಳು ವಾರ್ಸಿನಿ. “ನಂಗೆ ಬರೋದು ಅದೊಂದೇ ರೀತಿ. ಹೋದ್ಸಲಾನೂ ಹಂಗೇ ಮಾಡಿದ್ದೆ. ಅವಾಗ ನೀವು ನನ್ ಕೈ ಕುಲುಕಿದ್ರಿ.”

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು.

“ಸಮಿತಿಗೆ ಬರೀರಿ,” ಎಂದಳು ಆಕೆ, ಟೀ ಮುಂದಿಡುತ್ತ. “ವಾರ್ಸಿನಿ ತಂದ ಸಹಿ ಸಿಂಧು ಅಲ್ಲ ಅಂತ ಬರೀರಿ. ನಾನೂ ಬಂದು ಹೌದು ಅಂತೀನಿ. ಎರಡೂ ಸಲದ್ದು.”

“ನಿಮಗೆ ಗೊತ್ತಾ, ನನ್ನ ಎರಡು ವರ್ಷದ ಕೆಲಸ ಅದು.”

“ಗೊತ್ತು. ನನ್ನ ಫಲಕಾನೂ ಹೋಯ್ತು. ಆದ್ರೆ ನಿಮ್ದು ನಂದು ಎರಡೂ ಹೋದ್ರೂ ನಾವು ಮನೆಗೆ ಹೋಗಿ ಊಟ ಮಾಡ್ತೀವಿ ಡಾಕ್ಟ್ರೇ. ಆ ಕೂಸು ಯಾವ ಮನೇಲಿ ಮಾಡ್ಬೇಕು?”

ಡಾಕ್ಟರರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕು, ಹೇಳಿಬಿಡುತ್ತೇನೆ: ಆತನಿಗೆ ನಾಚಿಕೆಯಾಯಿತು. ಈ ಕಾಲದಲ್ಲಿ ಅಷ್ಟು ಓದಿದ ಮೇಲೂ ಅದು ಉಳಿದಿರುವುದು ಸಣ್ಣ ಸಂಗತಿಯಲ್ಲ.

“ಅವಳನ್ನ ಯಾರಾದ್ರೂ ಕೇಳಿದ್ರಾ?” ಎಂದರು ಕೊನೆಗೆ. “ಹುಡುಗೀನ. ಅವಳ ತುಣುಕನ್ನ ಏನು ಮಾಡ್ಬೇಕು ಅಂತ.”

ಒಪ್ಪಿಸಿದವಳು ಕೇಳಿರಲಿಲ್ಲ, ಒಪ್ಪಿದವನು ಕೇಳಿರಲಿಲ್ಲ, ಮೊಹರು ಒತ್ತಿದವರು ಕೇಳಿರಲಿಲ್ಲ. ಈಗ ತೆಗೆಸಿದ ಮೇಲೂ, ತೆಗೆದದ್ದನ್ನು ಅಳಿಸಬೇಕೋ ಇಡಬೇಕೋ ಎಂದು ಕೇಳುವುದು ವಾರ್ಸಿನಿಗೆ ಹೊಳೆದಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಕಿನಾಂತಿ ಬಂದಳು. ಆರೋಗ್ಯ ಕೇಂದ್ರದ ಮಾಳಿಗೆಯಲ್ಲಿ, ಕನ್ನಡಿಯ ಹಿಂದಿನ ಆ ಇಕ್ಕಟ್ಟು ಜಾಗಕ್ಕೆ ಡಾಕ್ಟರು ಅವಳನ್ನೂ ವಾರ್ಸಿನಿಯನ್ನೂ ಕರೆದುಕೊಂಡು ಹೋಗಿ ಕಂಪ್ಯೂಟರ್ ತೋರಿಸಿದರು. ಇದು ಒತ್ತಿದರೆ ಕೇಳುತ್ತದೆ, ಇದು ಒತ್ತಿದರೆ ಹೋಗುತ್ತದೆ. ಬೇರೆ ಕಡೆ ಇರುವ ಪ್ರತಿಯನ್ನೂ ಅವಳೆದುರೇ ತಂದು ಅದರೊಳಗೆ ಹಾಕಿದ್ದಾಯಿತು.

“ಇಟ್ಕೋಬೇಕು ಅಂದ್ರೆ ನೀನೇ ಇಟ್ಕೋಬಹುದು. ಅಳಿಸ್ಬೇಕು ಅಂದ್ರೆ ಅಳಿಸು. ಏನೂ ಮಾಡ್ದೆ ಎದ್ದು ಬಂದ್ರೂ ಸರಿ, ನಾಳೆ ಹೇಳಬಹುದು,” ಎಂದರು. ಡಾಕ್ಟರು ಇಷ್ಟು ಸಣ್ಣ ವಾಕ್ಯಗಳಲ್ಲಿ ಮಾತಾಡಿದ್ದು ಬಹುಶಃ ಅದೇ ಮೊದಲು.

“ನೀವಿಬ್ರೂ ಆಚೆ ಹೋಗ್ತೀರಾ?” ಎಂದಳು ಕಿನಾಂತಿ.

ಹೋದರು. ಬಾಗಿಲು ಒಳಗಿಂದ ಮುಚ್ಚಿಕೊಂಡಿತು. ಹೊರಗೆ, ಚುಚ್ಚುಮದ್ದಿಗೆ ಕಾಯುವವರ ಬೆಂಚಿನ ಮೇಲೆ, ವಿದ್ಯಾವಂತರೂ ಕಾರ್ಯಕರ್ತೆಯೂ ಪಕ್ಕಪಕ್ಕ ಕೂತರು. ಒಳಗಿನಿಂದ ಹುಡುಗಿಯ ಧ್ವನಿ, ಅದೂ ಬದಲಾಯಿಸದ ಅವಳದೇ ಧ್ವನಿ, ಸಣ್ಣಗೆ ಕೇಳತೊಡಗಿತು. ಡಾಕ್ಟರು ಎದ್ದು ಮೆಟ್ಟಿಲಿನವರೆಗೆ ಹೋಗಿ ನಿಂತರು. ಆ ಮಾತನ್ನು ಎಷ್ಟೋ ಸಲ ಕೇಳಿದ್ದವರು. ವಾರ್ಸಿನಿಯೂ ಎದ್ದು ಅವರ ಪಕ್ಕದಲ್ಲಿ ನಿಂತಳು. ಮಾತಾಡಿ ಆ ಮೌನವನ್ನು ತುಂಬಬೇಕೆಂದು ನಾಲಿಗೆ ತುರಿಸುತ್ತಿತ್ತು. ತುಟಿ ಕಚ್ಚಿ ಹಿಡಿದಳು.

“ಅಳಿಸ್ತಾಳೆ ಅಂತೀರಾ?” ಎಂದರು ಡಾಕ್ಟರು ಮೆಲ್ಲಗೆ.

“ನಂಗೇನ್ ಗೊತ್ತು ಡಾಕ್ಟ್ರೇ?”

ಬಾಗಿಲು ತೆರೆಯಿತು. ಕಿನಾಂತಿ ಕಣ್ಣು ಒರೆಸಿಕೊಂಡಿದ್ದಳು, ಆದರೆ ಮುಖ ಗಟ್ಟಿಯಾಗಿತ್ತು.

“ಆಯ್ತು. ಅಳಿಸ್ದೆ.”

ಡಾಕ್ಟರು ತಲೆಯಾಡಿಸಿದರು. ವಾರ್ಸಿನಿಗೆ ತಡೆಯಲಾಗಲಿಲ್ಲ. “ಕೂಸೇ, ನಾನು ನಿಮ್ಮಪ್ಪ ಅಮ್ಮನ ಹತ್ರ ಮಾತಾಡ್ಲಾ? ಒಂದ್ಸಲ ಕೂರಿಸಿ...” ಎಂದವಳು ಅರ್ಧಕ್ಕೇ ನಿಲ್ಲಿಸಿ, “ಬೇಕಾ ನಿಂಗೆ?” ಎಂದು ಕೇಳಿ, ಉತ್ತರಕ್ಕೆ ಕಾದಳು.

“ಈಗ್ ಬೇಡ ಬುಧೆ. ಬೇಕಾದಾಗ ನಾನೇ ಹೇಳ್ತೀನಿ.” ಹುಡುಗಿ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿಯತೊಡಗಿದಳು. “ಹೊತ್ತಾಯ್ತು, ಮನೇಲಿ ಇಬ್ರೂ ಕಾಯ್ತಿರ್ತಾರೆ. ನಾನಿಲ್ದೆ ಅವರಿಗೆ ಜಗಳಾನೂ ಆಡಕ್ಕಾಗಲ್ಲ.”